ಅರ್ಧ ಬಾಟ್ಸೆನ್ ಋಣ

ಕನ್ನಡ ಓದು-ಬರಹದ ಮನೆಗಳಲ್ಲಿ ಕಿಟೆಲ್ ನಿಘಂಟು ಇಂದಿಗೂ ಕೈಗೆಟಕುವ ಕಪಾಟಿನಲ್ಲೇ ಇರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಆ ಗ್ರಂಥಕ್ಕಾಗಿ ಫರ್ಡಿನೆಂಡ್ ಕಿಟೆಲ್ ಸವೆಸಿದ ಆಯುಷ್ಯವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ 1853ರಲ್ಲಿ ಈ ನಾಡಿಗೆ ಬಂದ ಆ ಮನುಷ್ಯನ ಊಟ-ಬಟ್ಟೆಗೆ, ಹಡಗಿನ ಖರ್ಚಿಗೆ, ಅವರ ಜೊತೆಯವರು ನಡೆಸಿದ ಶಾಲೆ ಮತ್ತು ಛಾಪಖಾನೆಗಳಿಗೆ ದುಡ್ಡು ಕೊಟ್ಟವರು ಯಾರು ಎಂದು ಕೇಳಿದವರು ಕಡಿಮೆ. ವರ್ಷದ ಕೊನೆಯ ಈ ಸಂಚಿಕೆಯಲ್ಲಿ ಆ ಪ್ರಶ್ನೆಯಿಂದಲೇ ಶುರುಮಾಡುವುದು ಸರಿ ಅನ್ನಿಸುತ್ತದೆ.

ಬಾಟ್ಸೆನ್ ಎಂಬುದು ಸ್ವಿಟ್ಜರ್ಲೆಂಡಿನ ಹಳೆಯ ಚಿಲ್ಲರೆ ನಾಣ್ಯ. 1850ರ ದಶಕದಲ್ಲಿ, ಕಿಟೆಲರನ್ನು ಇಲ್ಲಿಗೆ ಕಳಿಸಿದ ಬಾಸೆಲ್ ಮಿಷನ್ ತನ್ನ ಬೆಂಬಲಿಗರನ್ನು ಕೇಳಿಕೊಂಡದ್ದು ವಾರಕ್ಕೆ ಅರ್ಧ ಬಾಟ್ಸೆನ್ ಮಾತ್ರ. ಮನೆಮನೆಗೆ ಹೋಗಿ ಅದನ್ನು ಕೂಡಿಸುವ ಜನ ಇದ್ದರು. ಕೊಟ್ಟವರಲ್ಲಿ ಮನೆಗೆಲಸದ ಹೆಂಗಸರಿದ್ದರು, ನೇಕಾರರಿದ್ದರು, ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಸಣ್ಣ ರೈತರಿದ್ದರು. ಆ ಸೀಮೆ ಆಗ ಸುಭಿಕ್ಷವಾಗಿರಲಿಲ್ಲ. 1846-47ರಲ್ಲಿ ಬೆಳೆ ಕೈಕೊಟ್ಟು, ಹೊಟ್ಟೆಪಾಡಿಗಾಗಿ ಸಾವಿರಾರು ಜನ ಅಮೆರಿಕದ ಹಡಗು ಹತ್ತುತ್ತಿದ್ದ ಕಾಲ ಅದು. ಬಾಸೆಲಿನ ಶ್ರೀಮಂತ ರೇಷ್ಮೆ ವರ್ತಕರೂ ಮಿಷನ್ನಿಗೆ ದೊಡ್ಡ ಮೊತ್ತ ಕೊಟ್ಟಿದ್ದಾರೆ, ಆ ಮಾತನ್ನು ಬಿಡಬಾರದು. ಆದರೆ ವಾರ ತಪ್ಪದೆ ಬಂದದ್ದು ಬಡವರ ಚಿಲ್ಲರೆ. ಮಂಗಳೂರು ಎಂಬ ಊರು ಭೂಪಟದಲ್ಲಿ ಎಲ್ಲಿದೆ ಎಂದು ಕೂಡ ತಿಳಿಯದ ಹೆಂಗಸರು ಮಂಗಳೂರಿನ ಮಕ್ಕಳ ಪಾಟಿ-ಬಳಪಕ್ಕೆ ದುಡ್ಡು ಕೊಟ್ಟರು.

ಮಿಷನ್ನಿಗೆ ಬಂದ ದುಡ್ಡು ಬರೀ ಚರ್ಚ್ ಕಟ್ಟುವುದಕ್ಕೆ ಹೋಗಲಿಲ್ಲ. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಕನ್ನಡಕ್ಕೆ ಮೊದಲ ಪತ್ರಿಕೆ ಸಿಕ್ಕಿತು. ಐದಾರು ವರ್ಷಗಳ ನಂತರ ಅದೇ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತೆಗೆದರು. ಆ ಮಾಲೆಗೆ ಹಣ ಕೊಟ್ಟವರು ಕ್ಯಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಒಬ್ಬ ಕ್ರೈಸ್ತನ ದುಡ್ಡಿನಲ್ಲಿ, ಒಬ್ಬ ಪಾದ್ರಿಯ ಕೈಯಲ್ಲಿ, ವೈಷ್ಣವ ದಾಸರ ಮತ್ತು ವೀರಶೈವ ಕವಿಗಳ ಮಾತು ಅಚ್ಚಾಗಿ ಉಳಿಯಿತು. ಕೊಡುವವನ ಮನಸ್ಸು ಎಷ್ಟು ಅಗಲ ಇರಬಹುದು ಎನ್ನುವುದಕ್ಕೆ ಕನ್ನಡ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಕಾಲಿಟ್ಟರು. 2034ಕ್ಕೆ ಅದಕ್ಕೆ ಇನ್ನೂರು ವರ್ಷ ತುಂಬುತ್ತದೆ. ಮೆರವಣಿಗೆ, ಸ್ಮರಣ ಸಂಚಿಕೆ, ಕಲ್ಲಿನ ಫಲಕ ಎಲ್ಲ ಆಗಲಿ. ಅದಕ್ಕೆ ಮೊದಲು ನಾವು ಒಂದು ಲೆಕ್ಕ ಮುಗಿಸಬೇಕು. ಕರ್ನಾಟಕದ ಸಭೆ ಪರಸ್ಥಳದ ಬಡವರ ಕೊಡುಗೆಯಿಂದ ಬೆಳೆದ ಸಭೆ. ಆ ಅರ್ಧ ಬಾಟ್ಸೆನ್ ಕೊಟ್ಟವರು ಯಾರೂ ಈಗಿಲ್ಲ, ಅವರಿಗೆ ನಾವು ಹಿಂದಿರುಗಿಸುವಂತಿಲ್ಲ. ಆ ಸಾಲ ತೀರುವುದು ನಮಗೆ ಪರಿಚಯವೇ ಇಲ್ಲದ ಇನ್ನೊಬ್ಬ ಬಡವನಿಗೆ ಕೊಟ್ಟಾಗ ಮಾತ್ರ. ನಾವು ತೀರಿಸಿದ್ದೇವೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಕ್ರೈಸ್ತ ನಂಬಿಕೆ ಕೊಡುವುದನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂದು ಮತ್ತೊಮ್ಮೆ ಓದಿಕೊಳ್ಳಬೇಕು. ನಮ್ಮಲ್ಲಿ ಅನೇಕರಿಗೆ ಕಾಣಿಕೆ ಎಂದರೆ ಸಭೆಯ ಖರ್ಚಿಗೆ ಕೊಡುವ ಚಂದಾ. ಬೈಬಲಿನಲ್ಲಿ ಅದು ಆರಂಭವಾಗುವುದು ಹೊಲದಲ್ಲಿ. ಕೊಯ್ಲು ಮಾಡುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಕೆಳಗೆ ಬಿದ್ದ ತೆನೆಯನ್ನು ಮತ್ತೆ ಆಯ್ದುಕೊಳ್ಳಬಾರದು, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡದ ಕಟ್ಟಳೆ. ಮೋವಾಬಿನಿಂದ ಬಂದ ವಿಧವೆ ರೂತಳು ಬೇತ್ಲೆಹೇಮಿನ ಹೊಲದಲ್ಲಿ ತೆನೆ ಆಯ್ದುಕೊಂಡದ್ದು ಈ ಹಕ್ಕಿನಿಂದ, ಯಾರ ಕರುಣೆಯಿಂದಲೂ ಅಲ್ಲ. ದಶಮಾಂಶದ ಬಗ್ಗೆ ಇಷ್ಟು ಪ್ರಸಂಗ ಕೇಳುತ್ತೇವೆ. ಆದರೆ ಮೂರು ವರ್ಷಕ್ಕೊಮ್ಮೆ ಆ ಹತ್ತನೆಯ ಪಾಲನ್ನು ಊರೊಳಗೇ ಇಟ್ಟು ಲೇವಿಯ, ಪರದೇಶಿ, ತಾಯಿತಂದೆ ಇಲ್ಲದ ಮಕ್ಕಳು ಮತ್ತು ವಿಧವೆಯರು ಹೊಟ್ಟೆ ತುಂಬ ಉಣ್ಣುವಂತೆ ಮಾಡಬೇಕೆಂಬ ಧರ್ಮೋಪದೇಶಕಾಂಡದ ಮಾತನ್ನು ವೇದಿಕೆಯಿಂದ ಕೇಳುವುದು ಅಪರೂಪ. ನೆಲ ದೇವರದು, ಉಳುವವನು ಒಕ್ಕಲು ಮಾತ್ರ ಎಂಬುದು ಇದರ ಹಿಂದಿನ ತಿಳಿವಳಿಕೆ. ಒಕ್ಕಲಾದವನು ಧಣಿಯ ಮಾತಿನಂತೆ ಹಂಚುತ್ತಾನೆ, ಅದಕ್ಕೆ ಹೊಗಳಿಕೆ ಬಯಸುವುದಿಲ್ಲ.

ಬಡ ವಿಧವೆಯ ಎರಡು ಕಾಸಿನ ಪ್ರಸಂಗವನ್ನು ಮಾರ್ಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಯೇಸು ದೇವಾಲಯದ ಬೊಕ್ಕಸದ ಎದುರು ಕುಳಿತು ಜನ ಕಾಣಿಕೆ ಹಾಕುವುದನ್ನು ನೋಡುತ್ತಿದ್ದರು. ಐಶ್ವರ್ಯವಂತರು ಬಹಳ ಹಾಕಿದರು, ಅವಳು ಎರಡು ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಹಾಕಿದವಳು ಅವಳೇ ಎಂದು ಯೇಸು ಹೇಳಿದರು, ಏಕೆಂದರೆ ಮಿಕ್ಕವರು ಮಿಗುತಾಯದಲ್ಲಿ ಕೊಟ್ಟರು, ಅವಳು ಬದುಕನ್ನೇ ಕೊಟ್ಟಳು. ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. ಆದರೆ ಅದರ ಹಿಂದಿನ ಮಾತನ್ನೇ ಬಿಟ್ಟು ಓದುವ ಅಭ್ಯಾಸ ನಮಗಾಗಿದೆ. ಉದ್ದನೆಯ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳಿಗೆ ಹೆಚ್ಚಿನ ದಂಡನೆ ಇದೆ ಎಂದು ಯೇಸು ಆಗತಾನೇ ಹೇಳಿ ಮುಗಿಸಿದ್ದರು. ಮುಂದಿನ ಅಧ್ಯಾಯ ತೆರೆದರೆ, ಅದೇ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲದು ಎನ್ನುತ್ತಾರೆ. ಅಂದರೆ ಆ ಹೆಂಗಸಿನ ಕೊಡುಗೆ ಪೂರ್ಣವಾದದ್ದು, ಅದನ್ನು ತೆಗೆದುಕೊಂಡ ವ್ಯವಸ್ಥೆ ಮಾತ್ರ ನ್ಯಾಯತೀರ್ಪಿನ ಕೆಳಗಿದೆ. ಎರಡನ್ನೂ ಒಟ್ಟಿಗೆ ಓದಬೇಕು. ಬಡವಳ ಕೊನೆಯ ಕಾಸನ್ನು ಕೇಳುವುದಕ್ಕೆ ಈ ಭಾಗವನ್ನು ಉಪಯೋಗಿಸುವವರು ಮೊದಲು ಹಿಂದಿನ ವಚನವನ್ನು ಗಟ್ಟಿಯಾಗಿ ಓದಲಿ.

ಪೌಲನ ಸಂಗತಿ ಇದಕ್ಕಿಂತ ದೊಡ್ಡದು, ಆದರೆ ನಮ್ಮಲ್ಲಿ ಚರ್ಚೆಯಾಗುವುದು ಕಡಿಮೆ. ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬರ ಬಂತು. ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕೂಡಿಸಿ, ಬಾರ್ನಬ ಮತ್ತು ಸೌಲರ ಕೈಯಲ್ಲಿ ಯೂದಾಯಕ್ಕೆ ನೆರವು ಕಳಿಸಿದರು. ಆ ಸೌಲನೇ ಪೌಲನಾಗಿ, ವರ್ಷಗಟ್ಟಲೆ ಊರೂರು ತಿರುಗಿ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ. ಕೊಟ್ಟವರು ಗ್ರೀಕರು, ಮಕೆದೋನ್ಯದವರು. ತೆಗೆದುಕೊಳ್ಳಬೇಕಾದವರು ಯೆಹೂದ್ಯರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕೂತು ಉಣ್ಣದ ಕಾಲದಲ್ಲಿ ಒಬ್ಬರ ಗಳಿಕೆ ಇನ್ನೊಬ್ಬರ ಹಸಿವಿಗೆ ಹೋಯಿತು. ಮಕೆದೋನ್ಯದವರು ತಾವೇ ಕಡುಬಡತನದಲ್ಲಿದ್ದರೂ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಬೇಡಿಕೊಂಡರಂತೆ. ಜಾತಿ ಪಂಕ್ತಿಗಳನ್ನು ನೋಡಿ ಬೆಳೆದ ನಮಗೆ ಇದರ ತೂಕ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಪೌಲ ಆ ಹಣವನ್ನು ತಾನೊಬ್ಬನೇ ಹೊತ್ತುಕೊಂಡು ಹೋಗಲು ಒಪ್ಪಲಿಲ್ಲ. ಸಭೆಗಳು ಆರಿಸಿದ ಜನರೂ ಜೊತೆಗಿರಬೇಕು, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ಲೆಕ್ಕ ಕೇಳುವುದು ಅವಿಶ್ವಾಸ ಎಂದು ಗದರುವ ಹಿರಿಯರು ನಮ್ಮ ಸಭೆಗಳಲ್ಲಿ ಈಗಲೂ ಇದ್ದಾರೆ. ಅಪೊಸ್ತಲನಿಗೆ ಹಾಗೆ ಅನ್ನಿಸಲಿಲ್ಲ. ಆ ಹಣ ತಲುಪಿಸಲು ಯೆರೂಸಲೇಮಿಗೆ ಹೋದವನು ಅಲ್ಲೇ ಸೆರೆಯಾದ. ಮತ್ತೆ ಸ್ವತಂತ್ರವಾಗಿ ಓಡಾಡಿದ ವೃತ್ತಾಂತ ಅಪೊಸ್ತಲರ ಕೃತ್ಯಗಳಲ್ಲಿ ಇಲ್ಲ. ಬಡವರ ಕಾಣಿಕೆಯನ್ನು ಬಡವರಿಗೆ ಮುಟ್ಟಿಸಲು ಹೋಗಿ ಅವನು ತನ್ನ ಬಿಡುಗಡೆಯನ್ನೇ ತೆತ್ತ.

ನಂತರದ ಶತಮಾನಗಳನ್ನು ಇಲ್ಲಿ ವಿಸ್ತಾರವಾಗಿ ಹೇಳುವುದು ಬೇಡ. ಎರಡನೆಯ ಶತಮಾನದ ನಡುವಿನಲ್ಲಿ ಜಸ್ಟಿನ್ ಬರೆದ ಪ್ರಕಾರ, ಭಾನುವಾರದ ಆರಾಧನೆಯಲ್ಲಿ ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತಿತ್ತು. ಕಾರ್ಥೇಜಿನ ತೆರ್ತುಲ್ಲಿಯನ್ ಆ ಪಟ್ಟಿಗೆ ಬಡವರ ಹೆಣ ಹೂಳುವ ಖರ್ಚನ್ನೂ ಸೇರಿಸುತ್ತಾನೆ. 251ರ ಸುಮಾರಿಗೆ ರೋಮಿನ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಸಾಕುತ್ತಿತ್ತೆಂದು ಬಿಷಪ್ ಕೊರ್ನೇಲಿಯಸನ ಪತ್ರ ಹೇಳುತ್ತದೆ. ಅದಾದ ನೂರು ವರ್ಷಕ್ಕೆ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೊರಟ ಜೂಲಿಯನ್ ಚಕ್ರವರ್ತಿ, ಈ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆಂದು ತನ್ನ ಪುರೋಹಿತನೊಬ್ಬನಿಗೆ ಬೇಸರದಿಂದ ಬರೆದ. ಸಭೆಯ ವಿರೋಧಿಯಿಂದ ಬಂದ ಆ ಮಾತಿಗಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಯಾಕೆ ಕೊಟ್ಟರು? ಪುಣ್ಯ ಸಂಪಾದನೆಗಲ್ಲ. ಕೊಟ್ಟರೆ ಹತ್ತರಷ್ಟು ಬರುತ್ತದೆ ಎಂಬ ಲೆಕ್ಕದಿಂದಲೂ ಅಲ್ಲ. ದೇವರೇ ಮೊದಲು ಕೊಟ್ಟ ಎಂಬುದು ಕ್ರಿಸ್ಮಸ್ಸಿನ ಸಾರ. ಐಶ್ವರ್ಯವಂತನಾಗಿದ್ದ ಕ್ರಿಸ್ತ ನಮಗಾಗಿ ಬಡವನಾದ ಎಂಬ ಮಾತನ್ನು ಪೌಲ ಬರೆದದ್ದು ದೇವತಾಶಾಸ್ತ್ರದ ಯಾವುದೋ ಗಹನ ಪ್ರಬಂಧದಲ್ಲಲ್ಲ, ಹಣ ಕೂಡಿಸುವ ಆ ಪತ್ರದಲ್ಲಿ. ಗೋದಲಿಯಲ್ಲಿ ಮಗುವನ್ನು ಮಲಗಿಸಿದ ದೇವರು ತನ್ನನ್ನೇ ಕೊಟ್ಟುಕೊಂಡ ಎಂದು ನಂಬುವವನು ತನ್ನ ಕೈಯಲ್ಲಿರುವುದನ್ನು ಬಿಗಿಹಿಡಿದು ಕೂರಲಾರ. ಕೂತರೆ ಅವನು ಇನ್ನೂ ನಂಬಿಲ್ಲ ಎಂದೇ ಅರ್ಥ. ನಮ್ಮ ವಿಶ್ವಾಸಪ್ರಮಾಣ ಬಾಯಿಯಲ್ಲಿದೆಯೋ ಬದುಕಿನಲ್ಲಿದೆಯೋ ಎಂದು ನೋಡಲು ಬ್ಯಾಂಕಿನ ಪಾಸ್‌ಬುಕ್ ಸಾಕು.

ಹಿಂದಿರುಗಿ ನೋಡುವಾಗ 1910ರಲ್ಲಿ ಕಣ್ಣು ನಿಲ್ಲುತ್ತದೆ. ಆ ಒಂದೇ ವರ್ಷದಲ್ಲಿ ಮೂರು ಕಡೆ ನಡೆದ ಮೂರು ಸಂಗತಿಗಳು ಕೊಡುವುದರ ಮೂರು ಮುಖಗಳನ್ನು ತೋರಿಸುತ್ತವೆ.

ಮೊದಲನೆಯದು ಮಂಗಳೂರಿನದು. ಆ ವರ್ಷದ ನವೆಂಬರ್ 1ರಂದು ಫಾದರ್ ಅಗಸ್ಟಸ್ ಮುಲ್ಲರ್ ತೀರಿಕೊಂಡರು. ಜರ್ಮನಿಯಿಂದ ಬಂದ ಈ ಜೆಸ್ವಿತ್ ಗುರುಗಳು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಿ ಕೊಡಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಪ್ಲೇಗ್ ಬಂದು ಜನ ಮನೆಮಠ ಬಿಟ್ಟು ಓಡಿದಾಗ, 1902ರಲ್ಲಿ ಪ್ಲೇಗ್ ರೋಗಿಗಳಿಗೇ ಬೇರೆ ಆಸ್ಪತ್ರೆ ತೆರೆದರು. ಔಷಧಿ ಮಾರಿ ಬಂದ ಹಣವನ್ನು ಅವರು ರೋಗಿಗಳಿಗೆ ಸುರಿದರು. ಅವರ ಕಂಕನಾಡಿಯ ಆಸ್ಪತ್ರೆಗೆ ಇಂದು ಹೋಗುವವರಲ್ಲಿ ಎಲ್ಲ ಜಾತಿ, ಎಲ್ಲ ಮತದವರಿದ್ದಾರೆ. ಬಾಗಿಲಲ್ಲಿ ಯಾರೂ ಧರ್ಮ ಕೇಳುವುದಿಲ್ಲ.

ಎರಡನೆಯದು ಮಿಜೋರಾಂ ಬೆಟ್ಟಗಳದು. ಅಲ್ಲಿಯ ಹೆಂಗಸರು ಅದೇ ವರ್ಷ ಬುಹ್‌ಫಾಯ್ ಥಾಮ್ ಎಂಬ ರೂಢಿಯನ್ನು ಆರಂಭಿಸಿದರು. ಒಲೆಯ ಮೇಲೆ ಅನ್ನಕ್ಕಿಡುವ ಪ್ರತಿ ಸಲ, ಅಳೆದು ತೆಗೆದ ಅಕ್ಕಿಯಿಂದ ಒಂದು ಹಿಡಿ ಎತ್ತಿ ಬೇರೆ ಪಾತ್ರೆಗೆ ಹಾಕುವುದು. ಸಭೆಯವರು ಅದನ್ನು ಕೂಡಿಸಿ ಮಾರಿ ಸೇವೆಗೆ ಬಳಸುವುದು. ಕೈಯಲ್ಲಿ ದುಡ್ಡೇ ಓಡಾಡದ ಹಳ್ಳಿಗಳಲ್ಲಿ ಶುರುವಾದ ಈ ಹಿಡಿ ಅಕ್ಕಿಯಿಂದ ಇಂದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಬಡತನದ ಕಾರಣ ಹೇಳಿ ಕೊಡುವುದರಿಂದ ಯಾರನ್ನೂ ಹೊರಗಿಡಬೇಕಿಲ್ಲ ಎಂದು ಆ ತಾಯಂದಿರು ಕಲಿಸಿದರು.

ಮೂರನೆಯದು ಎಡಿನ್‌ಬರೋ ನಗರದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ನಡೆಯಿತು. ತಿರುನೆಲ್ವೇಲಿ ಕಡೆಯ ವೇದನಾಯಗಂ ಸ್ಯಾಮುಯೆಲ್ ಅಜರಯ್ಯ ಅಲ್ಲಿ ಎದ್ದು ನಿಂತು, ನೀವು ನಮಗೆ ಹಣ ಕೊಟ್ಟಿರಿ, ಜೀವವನ್ನೂ ಕೊಟ್ಟಿರಿ, ಆದರೆ ಸ್ನೇಹ ಕೊಡಲಿಲ್ಲ ಎಂಬ ಅರ್ಥದ ಮಾತನ್ನು ಬಿಳಿಯರ ಸಭೆಯಲ್ಲಿ ಹೇಳಿದರು. ಸಭೆ ಬಿಸಿಯಾಯಿತು. ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಎಂಬ ಸ್ಥಿತಿ ಇರುವವರೆಗೆ ಕೊಡುಗೆ ಕ್ರೈಸ್ತ ಕೊಡುಗೆಯಾಗುವುದಿಲ್ಲ ಎಂಬುದು ಅವರ ಮಾತಿನ ತಿರುಳು. ಅವರೂ ಅವರ ಜೊತೆಗಾರರೂ 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ರಾಷ್ಟ್ರೀಯ ಮಿಷನರಿ ಸಂಘವನ್ನು ಕಟ್ಟಿದಾಗ ಭಾರತೀಯರ ಹಣ, ಭಾರತೀಯರ ದುಡಿಮೆಯಿಂದಲೇ ಅದು ನಡೆಯಬೇಕೆಂದು ನಿಶ್ಚಯಿಸಿದ್ದರು. 1912ರ ಡಿಸೆಂಬರಿನಲ್ಲಿ ದೋರ್ನಕಲ್ ಬಿಷಪ್ ಆದ ಮೇಲೆ ಅಜರಯ್ಯ ಸೇವೆ ಮಾಡಿದ್ದು ತೆಲುಗು ನಾಡಿನ ಅತಿ ಬಡ ಕೂಲಿಕಾರರ ನಡುವೆ. ಆ ಬಡವರಿಗೂ ಕೊಡುವುದನ್ನು ಕಲಿಸಿದರು, ಕ್ರೈಸ್ತ ದಾನದ ಬಗ್ಗೆ ಪುಸ್ತಕವನ್ನೇ ಬರೆದರು. ಸದಾ ತೆಗೆದುಕೊಳ್ಳುವವನಾಗಿಯೇ ಉಳಿದವನ ಬೆನ್ನು ನೆಟ್ಟಗಾಗುವುದಿಲ್ಲ ಎಂದು ಅವರು ಕಂಡುಕೊಂಡಿದ್ದರು. ಮೂರು ಸಂಗತಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಹಿಡಿ ಅಕ್ಕಿ ದಕ್ಷಿಣಕ್ಕೂ ಹೊಸದಲ್ಲ. ಕೇರಳದಲ್ಲಿ ಸಂತ ಚಾವರ ಗುರುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಮನೆಮನೆಯ ಹಿಡಿ ಅಕ್ಕಿಯಿಂದ ಬಡ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದ್ದರು. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ದು, ಮನೆಯವರೆಲ್ಲ ಸೇರಿ ಹೊಸ ಅಕ್ಕಿ ಉಣ್ಣುತ್ತಾರೆ, ದೂರದಲ್ಲಿರುವವರಿಗೂ ಪಾಲು ಕಳಿಸುತ್ತಾರೆ. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿ ಅದಕ್ಕೆ ಸಮನಾದದ್ದು ಬೆಳೆ ಹಬ್ಬ.

ಬೆಳೆ ಹಬ್ಬದ ಏಲಂ ನೋಡದವರು ಒಮ್ಮೆ ಹೋಗಿ ನೋಡಬೇಕು. ಬೆಳಗಿನ ಆರಾಧನೆಗೆ ವೇದಿಕೆಯ ಮೆಟ್ಟಿಲ ಮೇಲೆ ಬೂದುಗುಂಬಳ, ಬಾಳೆಗೊನೆ, ಕಬ್ಬಿನ ಜಲ್ಲೆ, ಭತ್ತದ ತೆನೆ, ತೆಂಗಿನಕಾಯಿ ಸಾಲಾಗಿ ಕೂರುತ್ತವೆ. ಆಶೀರ್ವಾದ ಮುಗಿದದ್ದೇ ಅವೆಲ್ಲ ಅಂಗಳಕ್ಕೆ ಬರುತ್ತವೆ. ಕಾಲು ಕಟ್ಟಿದ ಹುಂಜ, ಮೊಟ್ಟೆಯ ಬುಟ್ಟಿ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಭರಣಿ, ಕೇಕು. ಹೊಲವಿಲ್ಲದವರು ಅಡುಗೆಮನೆಯಿಂದ ತರುತ್ತಾರೆ. ಗಟ್ಟಿ ಗಂಟಲಿನ ಹಿರಿಯರೊಬ್ಬರು ಬೆಂಚಿನ ಮೇಲೆ ನಿಂತು, ಒಂದು ಸಾರಿ, ಎರಡು ಸಾರಿ ಎಂದು ಕೂಗುತ್ತಾರೆ. ಈ ಸಲದ ಏಲಂನಲ್ಲಿ ಹಿತ್ತಲಿನ ಚಪ್ಪರದಿಂದ ಕಿತ್ತು ತಂದ ಒಂದು ಕಟ್ಟು ತೊಂಡೆಕಾಯಿ ಐನೂರು ರೂಪಾಯಿಗೆ ಹೋಯಿತು. ಕೊಂಡ ಹುಡುಗ ಅದನ್ನು ಹಾಗೇ ಮೇಜಿನ ಮೇಲಿಟ್ಟು, ಮತ್ತೆ ಕೂಗಿ ಅಂಕಲ್, ಎಂದ. ಎರಡನೆಯ ಸಲ ಮುನ್ನೂರಕ್ಕೆ ಹೋಯಿತು. ತೊಂಡೆಕಾಯಿ ತಂದಿದ್ದ ಅಜ್ಜಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಸಂತೆಯಲ್ಲಿ ಇದಕ್ಕೆ ಮೂವತ್ತು ಕೊಡೋದಿಲ್ಲ ಮಾರಾಯ್ತಿ, ಎಂದು ಪಕ್ಕದಲ್ಲಿದ್ದವಳಿಗೆ ಹೇಳಿದರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಯಾವ ದೊಡ್ಡ ಚೆಕ್ಕಿನ ಹಿಂದೆಯೂ ನಾನು ಕಂಡಿಲ್ಲ.

ಅಂದು ಸಂಜೆ ಇಬ್ಬರು ಹಿರಿಯರು ವೆಸ್ಟ್ರಿಯ ಮೇಜಿನ ಮೇಲೆ ಆ ದುಡ್ಡು ಸುರಿದು, ನೋಟು ಬೇರೆ, ಚಿಲ್ಲರೆ ಬೇರೆ ಮಾಡಿ ಎಣಿಸಿದರು. ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಿದರು. ಪೌಲ ತನ್ನ ಜೊತೆಗಾರ ತೀತನ ಜೊತೆಗೆ ಇನ್ನೊಬ್ಬ ಸಹೋದರನನ್ನು ಕಳಿಸಿದ್ದು ಇದಕ್ಕಾಗಿಯೇ. ಈ ಎರಡು ಸಹಿಗಳು ಇರುವವರೆಗೆ ಆ ಸಭೆಯ ಬಗ್ಗೆ ನನಗೆ ಭರವಸೆಯಿದೆ.

ಕೊಡುವ ಗುಣವನ್ನು ನಮ್ಮ ಸಭೆಗಳಿಗೆ ನಿಜವಾಗಿ ಕಲಿಸಿದ್ದು ಕಷ್ಟಕಾಲ. ಮತಾಂತರಗೊಂಡು ಮನೆ, ಜಮೀನು, ಕುಲಕಸುಬು ಕಳೆದುಕೊಂಡವರಿಗಾಗಿ ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಿತ್ತು. ಭಿಕ್ಷೆಗಿಂತ ಕೆಲಸ ಕೊಡುವುದು ಮೇಲು ಎಂಬ ವಿವೇಕ ಅದರಲ್ಲಿತ್ತು. ಜೊತೆಗೆ, ಧಣಿಯೂ ಪಾದ್ರಿಯೂ ಒಂದೇ ಆದಾಗ ಹುಟ್ಟುವ ಅವಲಂಬನೆಯೂ ಇತ್ತು. 1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧಿಸಿ ಹೊರಗೆ ಕಳಿಸಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅಂದಿನವರೆಗೆ ಬಾಸೆಲಿನಿಂದ ಬರುತ್ತಿದ್ದ ದುಡ್ಡಿನ ದಾರಿ ಮುಚ್ಚಿತು. ಸಭೆಗಳು ಮುಚ್ಚಲಿಲ್ಲ. ಸ್ಥಳೀಯ ಸಭಾಪಾಲಕರು, ಉಪದೇಶಿಗಳು ಅರೆಹೊಟ್ಟೆಯಲ್ಲಿ ನಡೆಸಿದರು, ಸಭಿಕರು ಕೈಲಾದಷ್ಟು ಕೊಟ್ಟರು. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯೊಳಗೆ ನಮ್ಮವರು ಕಾಲಿಟ್ಟದ್ದು ತಮ್ಮ ಕಾಲ ಮೇಲೆ ನಿಲ್ಲುವ ಅಭ್ಯಾಸದೊಂದಿಗೆ.

ಆ ಅಭ್ಯಾಸ ಆಮೇಲೆ ಸಡಿಲವಾಯಿತು ಎಂದು ಒಪ್ಪಿಕೊಳ್ಳದೆ ಈ ಲೆಕ್ಕ ಮುಗಿಯುವುದಿಲ್ಲ. ಬಡ ಮಕ್ಕಳ ಬೋರ್ಡಿಂಗುಗಳಿಗೆ ಹೊರದೇಶದ ದಾನಿಗಳ ನೆರವು ದಶಕಗಳ ಕಾಲ ಬಂತು. ಇಂದು ಶಿಕ್ಷಕರಾಗಿ, ನರ್ಸುಗಳಾಗಿ, ಎಂಜಿನಿಯರುಗಳಾಗಿ ಇರುವ ನಮ್ಮ ಎಷ್ಟೋ ಜನ ಆ ಬೋರ್ಡಿಂಗಿನ ಅನ್ನ ಉಂಡವರು. ವಿದೇಶಿ ದೇಣಿಗೆ ಕಾಯ್ದೆ 2010ರಲ್ಲಿ ಹೊಸದಾಗಿ ಬಂತು. 2020ರ ತಿದ್ದುಪಡಿ ಒಂದು ಸಂಸ್ಥೆಗೆ ಬಂದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಅದರ ಸರಿ-ತಪ್ಪು ಬೇರೆ ಚರ್ಚೆ. ನನ್ನ ನೋವು ಕಾಯ್ದೆಯ ಬಗ್ಗೆ ಅಲ್ಲ. ಹೊರಗಿನ ನೆರವು ಕಡಿಮೆಯಾದಾಗ, ಬೋರ್ಡಿಂಗಿನ ಒಲೆ ಆರದಂತೆ ನೋಡಿಕೊಳ್ಳುವ ಶಕ್ತಿ ಅಲ್ಲಿ ಉಂಡು ಬೆಳೆದ ನಮಗಿತ್ತು. ಎಷ್ಟು ಕಡೆ ನಾವು ಮುಂದೆ ಬಂದೆವು?

ಅದೇ ವರ್ಷಗಳಲ್ಲಿ ನಮ್ಮ ದುಡ್ಡು ಹೋದದ್ದು ಎಲ್ಲಿಗೆ ಎಂದು ಕಣ್ಣು ಬಿಟ್ಟು ನೋಡಿದರೆ ಸಾಕು. ಗಟ್ಟಿಯಾಗಿದ್ದ ಹಳೆಯ ಚರ್ಚುಗಳಿಗೆ ಗ್ರಾನೈಟ್ ಹಾಸಿದೆವು. ಜ್ಯೂಬಿಲಿ ಕಮಾನು ಕಟ್ಟಿದೆವು. ಕೊಟ್ಟವರ ಹೆಸರನ್ನು ಮೊತ್ತದ ಸಮೇತ ಗೋಡೆಯ ಕಲ್ಲಿನಲ್ಲಿ ಕೆತ್ತಿಸಿದೆವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಕ್ರಿಸ್ತನನ್ನು ಅದೇ ಗೋಡೆಯೊಳಗೆ ಆರಾಧಿಸುತ್ತೇವೆ. ಈ ವಿಷಯದಲ್ಲಿ ಸಂತ ವಿನ್ಸೆಂಟ್ ಪಾವ್ಲ್ ಸಭಾದವರಿಂದ ಕಲಿಯಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಒಜಾನಾಂ ಮತ್ತು ಅವರ ಗೆಳೆಯರು ಶುರುಮಾಡಿದ ಆ ಸಂಘದಲ್ಲಿ, ಪ್ರತಿ ಕೂಟದಲ್ಲೂ ಒಂದು ಚೀಲ ಸುತ್ತುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಹಣ ತಲುಪಿಸುವುದೂ ಕವರಿನಲ್ಲಲ್ಲ, ಬಡವರ ಮನೆಗೇ ಹೋಗಿ, ಕೂತು, ಸುಖದುಃಖ ಕೇಳಿ. ಅಜರಯ್ಯ ಕೇಳಿದ ಸ್ನೇಹ ಈ ಭೇಟಿಗಳಲ್ಲಿದೆ.

ಇನ್ನೊಂದು ಪೀಡೆಯನ್ನೂ ಹೆಸರಿಸಬೇಕು. ದೇವರಿಗೆ ಬಿತ್ತಿ, ನೂರ್ಮಡಿ ಕೊಯ್ಯಿರಿ ಎಂದು ಟಿವಿಯಲ್ಲಿ, ಮೊಬೈಲಿನಲ್ಲಿ ಕೂಗುವ ಬೋಧಕರು ನಮ್ಮ ಕೂಲಿಕಾರ ಹೆಂಗಸರ ಸಂಬಳವನ್ನು ಕಸಿದುಕೊಳ್ಳುತ್ತಿದ್ದಾರೆ. ಬಿತ್ತುವುದರ ಮಾತನ್ನು ಪೌಲ ಹೇಳಿದ್ದು ಹಸಿದವರಿಗೆ ಕಳಿಸುವ ಹಣದ ಬಗ್ಗೆ. ಬೋಧಕನ ಕಾರಿಗಾಗಿ ಆ ವಚನವನ್ನು ಎಳೆಯುವುದು ವಿಧವೆಯ ಮನೆ ನುಂಗುವ ಕೆಲಸವೇ. ಸಭಾಪಾಲಕರು ಇದನ್ನು ವೇದಿಕೆಯಿಂದ ಹೆಸರಿಟ್ಟು ಖಂಡಿಸಬೇಕು.

ಆದರೂ ನಮ್ಮಲ್ಲಿ ಬೇರು ಒಣಗಿಲ್ಲ. ಕೊರೊನಾ ಕಾಲದಲ್ಲಿ ಚರ್ಚುಗಳ ಬಾಗಿಲು ಮುಚ್ಚಿ ಕಾಣಿಕೆ ನಿಂತುಹೋಗಿದ್ದಾಗ, ಬೆಂಗಳೂರಿನ ಕ್ರೈಸ್ತ ಸ್ವಯಂಸೇವಕರು ಮೈತುಂಬ ಪಿಪಿಇ ಕಿಟ್ ಹಾಕಿಕೊಂಡು, ಮನೆಯವರೇ ಹತ್ತಿರ ಬರಲು ಹೆದರಿದ ಶವಗಳನ್ನು ಗೌರವದಿಂದ ಮಣ್ಣು ಮಾಡಿದರು, ಚಿತೆಗೆ ಸಾಗಿಸಿದರು. ತೆರ್ತುಲ್ಲಿಯನ್ ಪಟ್ಟಿಯ ಆ ಕೊನೆಯ ಕೆಲಸವನ್ನು ಸಾವಿರದೆಂಟುನೂರು ವರ್ಷಗಳ ನಂತರ ನಮ್ಮ ಹುಡುಗರು ಮಾಡಿದರು. ಅವರು ಕೊಟ್ಟದ್ದು ಹಣವಲ್ಲ, ಧೈರ್ಯ ಮತ್ತು ದೇಹ.

ಹಾಗಾದರೆ ನಾವು ಋಣ ತೀರಿಸಿದ್ದೇವೆಯೇ? ಸ್ವಲ್ಪ ಮಾತ್ರ ತೀರಿಸಿದ್ದೇವೆ ಎಂಬುದು ನನ್ನ ತೀರ್ಮಾನ. ಆಸ್ಪತ್ರೆ, ಶಾಲೆಗಳ ಮೂಲಕ ತೀರಿಸಿದ್ದೇವೆ. ಸಭೆಯ ಕಾಣಿಕೆಯ ಮೂಲಕ ತೀರಿಸಿಲ್ಲ. ಭಾನುವಾರ ಕೂಡುವ ದುಡ್ಡಿನ ಬಹುಪಾಲು ನಮ್ಮ ಸುತ್ತಲೇ ತಿರುಗಿ ನಮ್ಮಲ್ಲೇ ಮುಗಿಯುತ್ತದೆ. ವುರ್ಟೆಂಬೆ‍ರ್ಗಿನ ಆ ಹೆಂಗಸು ಹಾಗೆ ಮಾಡಿದ್ದರೆ ನಮ್ಮ ಊರುಗಳಿಗೆ ಬಾಸೆಲ್ ಮಿಷನ್ನಿನ ಶಾಲೆ ಬರುತ್ತಿರಲಿಲ್ಲ.

ಬರುವ ವಾರ್ಷಿಕ ಸಭಾ ಕೂಟಕ್ಕೆ ಮೊದಲು ಓದುಗರಲ್ಲಿ ಮೂರು ವಿನಂತಿ. ಸಭೆಯ ಒಟ್ಟು ಕಾಣಿಕೆಯಲ್ಲಿ ಹತ್ತನೆಯ ಒಂದು ಪಾಲು ಸಭೆಯ ಹೊರಗಿನ ಬಡವರಿಗೆ, ಯಾವ ಷರತ್ತೂ ಇಲ್ಲದೆ, ಹೋಗಬೇಕೆಂದು ಠರಾವು ತನ್ನಿ. ಆದಾಯ-ವೆಚ್ಚವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ, ಪ್ರಶ್ನೆ ಕೇಳಿದವರನ್ನು ಕೂರಿಸಬೇಡಿ. ನಿಮ್ಮ ಚರ್ಚಿನ ಗಂಟೆ ಬಾರಿಸುವವರಿಗೂ ಅಂಗಳ ಗುಡಿಸುವವರಿಗೂ ತಿಂಗಳಿಗೆ ಎಷ್ಟು ಕೊಡುತ್ತೀರೆಂದು ಖಜಾಂಚಿಯವರನ್ನು ಈ ಕ್ರಿಸ್ಮಸ್ಸಿಗೆ ಮೊದಲೇ ಕೇಳಿ, ಆ ಸಂಬಳದಲ್ಲಿ ಒಂದು ಮನೆ ನಡೆಯುವುದಿಲ್ಲವಾದರೆ ಜನವರಿಯಿಂದಲೇ ಹೆಚ್ಚಿಸಿ.